ಮಾಳಿಗೆಯ ಬಿಸಿಲು, ಕೊಟ್ಟಿಗೆಯ ಅನಿಲ

ಬೀದರಿನ ಚೌಬಾರಾದಿಂದ ಕೋಟೆಯತ್ತ ನಡೆದರೆ ದಾರಿಯಲ್ಲೇ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಬಹಮನಿ ಸುಲ್ತಾನರ ಪ್ರಧಾನಿಯಾಗಿದ್ದ ಗವಾನ್ 1472ರಲ್ಲಿ ಕಟ್ಟಿಸಿದ ವಸತಿ ವಿದ್ಯಾಲಯವಿದು. ಮೂರು ಅಂತಸ್ತು, ನಡುವೆ ಬಯಲು ಅಂಗಳ, ಸುತ್ತಲೂ ಪಾಠದ ಹಜಾರಗಳು, ವಿದ್ಯಾರ್ಥಿಗಳ ಕೋಣೆಗಳು, ಗ್ರಂಥಾಲಯ, ಮಸೀದಿ. ಎತ್ತರದ ಹಜಾರಗಳು, ಅಗಲವಾದ ಕಮಾನುಗಳು, ತೆರೆದ ಅಂಗಳ ಇವೆಲ್ಲ ಸೇರಿ ಬೆಳಕನ್ನೂ ಗಾಳಿಯನ್ನೂ ಒಳಗೆ ಕರೆತರುತ್ತವೆ. ದಪ್ಪ ಗೋಡೆಗಳು ಬೇಸಿಗೆಯ ಝಳವನ್ನು ಹೊರಗೇ ತಡೆಯುತ್ತವೆ. ಊರಾಚೆ ನೌಬಾದಿನಲ್ಲಿ ಬಹಮನಿ ಕಾಲದ್ದೇ ಕಾರೇಜ್ ಇದೆ. ಜಂಬಿಟ್ಟಿಗೆ ನೆಲದಡಿ ಕೊರೆದ ಆ ಸುರಂಗಕ್ಕೆ ಅಲ್ಲಲ್ಲಿ ಗಾಳಿ ಬಾವಿಗಳಿವೆ. ಒಳಗಿನ ನೀರು ಇಳಿಜಾರಿನ ಬಲದಿಂದಲೇ ಹರಿಯುತ್ತದೆ. ಪಂಪೂ ಬೇಡ, ಕಪಿಲೆಯೂ ಬೇಡ.

ಐದೂವರೆ ಶತಮಾನದ ಹಿಂದೆ ಈ ಊರಿನಲ್ಲಿ ವಿದ್ಯಾಲಯ ಕಟ್ಟಿದವರು ಬೆಳಕು ಎಲ್ಲಿಂದ, ತಂಪು ಎಲ್ಲಿಂದ ಎಂಬುದನ್ನು ಅಡಿಪಾಯ ಹಾಕುವಾಗಲೇ ಯೋಚಿಸಿದ್ದರು. ಈಗಿನ ಕ್ಯಾಂಪಸ್ಸುಗಳಲ್ಲಿ ಆ ಪ್ರಶ್ನೆಯನ್ನು ತಿಂಗಳಿಗೊಮ್ಮೆ ಬರುವ ಜೆಸ್ಕಾಂನ ವಿದ್ಯುತ್ ಬಿಲ್ಲು ಕೇಳುತ್ತದೆ. ಉತ್ತರ ಮಾತ್ರ ಕ್ಯಾಂಪಸ್ಸಿನೊಳಗೇ, ಮಾಳಿಗೆಯ ಮೇಲೆ ಮತ್ತು ದನದ ಕೊಟ್ಟಿಗೆಯಲ್ಲಿದೆ.

ಶಕ್ತಿ ಬೇಕಾದಾಗಲೇ ಬಿಸಿಲು

ಬೀದರ್ ಜಿಲ್ಲೆಯ ಉನ್ನತ ಶಿಕ್ಷಣದ ನಕ್ಷೆ ಚಿಕ್ಕದೇನಲ್ಲ. ನಗರದ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇದೆ. 2004ರ ಕಾಯ್ದೆಯಿಂದ ಹುಟ್ಟಿದ ಈ ವಿಶ್ವವಿದ್ಯಾಲಯದ ವ್ಯಾಪ್ತಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರೆಗೂ ಚಾಚಿದೆ. 1980ರಲ್ಲಿ ಆರಂಭವಾದ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ನಗರದಲ್ಲೇ ಇದೆ. ಭಾಲ್ಕಿಯಲ್ಲಿ 1982ರ ಗ್ರಾಮೀಣ ಎಂಜಿನಿಯರಿಂಗ್ ಕಾಲೇಜು ಇಂದು ಭೀಮಣ್ಣ ಖಂಡ್ರೆ ತಾಂತ್ರಿಕ ಮಹಾವಿದ್ಯಾಲಯವಾಗಿದೆ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಜಾಗದಲ್ಲಿ 2023ರಿಂದ ಬೀದರ್ ವಿಶ್ವವಿದ್ಯಾಲಯ ನಡೆಯುತ್ತಿದೆ. ಔರಾದಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ.

ಇಷ್ಟೂ ಕ್ಯಾಂಪಸ್ಸುಗಳಿಗೆ ಬಿಸಿಲು ಒಗ್ಗಲು ಕಾರಣವಿದೆ. ಮನೆಗಳಲ್ಲಿ ಕರೆಂಟು ಹೆಚ್ಚು ಬೇಕಾಗುವುದು ಸಂಜೆಗೆ. ಸೂರ್ಯ ಮುಳುಗಿದ ಮೇಲೆ ದೀಪ, ಟಿವಿ, ಫ್ಯಾನು. ಕಾಲೇಜಿನ ದಿನಚರಿ ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಪ್ರಯೋಗಾಲಯ, ಕಂಪ್ಯೂಟರ್ ಕೊಠಡಿ, ಕಚೇರಿ, ಬೋರ್‌ವೆಲ್ ಮೋಟಾರು ಎಲ್ಲವೂ ಒಟ್ಟಿಗೆ ಓಡುತ್ತವೆ. ಬಿಸಿಲು ಸುರಿಯುವುದೂ ಆಗಲೇ. ಹುಟ್ಟಿದ ವಿದ್ಯುತ್ತನ್ನು ಹುಟ್ಟಿದ ಗಳಿಗೆಯಲ್ಲೇ ಬಳಸಿಕೊಳ್ಳಬಲ್ಲ ಕ್ಯಾಂಪಸ್ಸಿನಷ್ಟು ಸೌರಶಕ್ತಿಗೆ ಒಗ್ಗುವ ಜಾಗ ಊರಿನಲ್ಲಿ ಇನ್ನೊಂದು ಸಿಗುವುದು ಕಷ್ಟ.

ಒಂದು ಕಿಲೋವಾಟ್ ಸಾಮರ್ಥ್ಯದ ಪ್ಯಾನೆಲ್‌ಗಳಿಗೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಮಾಳಿಗೆ ಬೇಕು. ನಮ್ಮ ಸೀಮೆಯ ಬಿಸಿಲಿಗೆ ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 100 ಕಿಲೋವಾಟ್ ಘಟಕಕ್ಕೆ 1,000 ಚದರ ಮೀಟರ್ ಸಾಕು. ದೊಡ್ಡ ಕಾಲೇಜೊಂದರ ಒಂದೆರಡು ಬ್ಲಾಕುಗಳಲ್ಲಿ ಅಷ್ಟು ಜಾಗ ಸಿಕ್ಕೀತು. ವರ್ಷಕ್ಕೆ ಸುಮಾರು 1.4 ಲಕ್ಷ ಯೂನಿಟ್ ಹುಟ್ಟಿದರೆ, ಕಲ್ಲಿದ್ದಲೇ ಹೆಚ್ಚು ಉರಿಯುವ ನಮ್ಮ ಗ್ರಿಡ್‌ನ ಲೆಕ್ಕದಲ್ಲಿ ಸುಮಾರು 100 ಟನ್ ಇಂಗಾಲದ ಡೈಆಕ್ಸೈಡ್ ಉಳಿದಂತೆ. ಕೈಯಲ್ಲಿ ಬಂಡವಾಳ ಇಲ್ಲದ ಸಂಸ್ಥೆಗೂ ದಾರಿ ಇದೆ: ರೆಸ್ಕೋ ಪದ್ಧತಿಯಲ್ಲಿ ಖಾಸಗಿ ಕಂಪನಿ ತನ್ನ ಹಣದಲ್ಲಿ ಪ್ಯಾನೆಲ್ ಹಾಕುತ್ತದೆ, ಕಾಲೇಜು ಬಳಸಿದ ಯೂನಿಟ್ಟಿಗೆ ಒಪ್ಪಂದದ ದರದಂತೆ ಹಣ ಕಟ್ಟುತ್ತದೆ.

ಬೀದರಿನ ಮಾಳಿಗೆ ಕಲಿಸುವ ಪಾಠ

ಮೇ ತಿಂಗಳ ಕೆಂಡದಂಥ ಬಿಸಿಲಿನಲ್ಲೇ ಪ್ಯಾನೆಲ್ ಹೆಚ್ಚು ವಿದ್ಯುತ್ ಕೊಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು. ಶಾಖ ಅದರ ವೈರಿ. ಕೋಶದ ಉಷ್ಣಾಂಶ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಸಾಮರ್ಥ್ಯ ಕುಗ್ಗುತ್ತದೆ. ಗಾಳಿ 40 ಡಿಗ್ರಿ ಇದ್ದಾಗ ಮಾಳಿಗೆಯ ಮೇಲಿನ ಪ್ಯಾನೆಲ್ 65 ಡಿಗ್ರಿ ಮುಟ್ಟಬಲ್ಲದು. ಆಗ ಆರೇಳರಲ್ಲಿ ಒಂದು ಪಾಲು ಶಕ್ತಿ ಶಾಖಕ್ಕೇ ಹೋಯಿತು. ಹಾಗಾಗಿ ಪ್ಯಾನೆಲ್ಲನ್ನು ಗಚ್ಚಿಗೆ ಅಂಟಿಸದೆ ಅಡಿಯಲ್ಲಿ ಗಾಳಿಯಾಡುವಂತೆ ಎತ್ತರಿಸಿ ಕೂಡಿಸಬೇಕು. ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲಿರುವ ಬೀದರ್ ಪ್ರಸ್ಥಭೂಮಿಯಲ್ಲಿ ಚಳಿಗಾಲದ ಹಗಲು ತಂಪು, ಆಕಾಶ ತಿಳಿ. ಪ್ಯಾನೆಲ್ಲಿಗೆ ಹಿತವಾದ ಹವೆ ಅದು. ನಗರ 18 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತೀರ ಹತ್ತಿರ. ಆದ್ದರಿಂದ ದಕ್ಷಿಣಕ್ಕೆ ಮುಖಮಾಡಿ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ವಾಲಿಸಿದರೆ ವರ್ಷದುದ್ದಕ್ಕೂ ಫಲ ಚೆನ್ನಾಗಿರುತ್ತದೆ.

ಇಲ್ಲಿನ ಕೆಮ್ಮಣ್ಣಿನ ಧೂಳು ಇನ್ನೊಂದು ವಿಷಯ. ಮಳೆಗಾಲ ಮುಗಿದ ಮೇಲೆ ತಿಂಗಳುಗಟ್ಟಲೆ ಒರೆಸದೆ ಬಿಟ್ಟ ಪ್ಯಾನೆಲ್ ಮಂಕಾಗುತ್ತ ಹೋಗುತ್ತದೆ. ಬೆಳಗಿನ ತಂಪಿನಲ್ಲಿ ತೊಳೆಯುವುದು, ಗಡುಸು ನೀರಿನ ಬಿಳಿ ಕಲೆ ಕೂರದಂತೆ ಒರೆಸುವುದು ನಿತ್ಯದ ಶಿಸ್ತು. ಸರಿಯಾಗಿ ನೋಡಿಕೊಂಡ ಪ್ಯಾನೆಲ್ 25 ವರ್ಷ ಬಾಳುತ್ತದೆ. ಇನ್ವರ್ಟರನ್ನು ಮಾತ್ರ ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸಬೇಕಾದೀತು; ಅದಕ್ಕೆ ಹಣವನ್ನು ಮೊದಲೇ ತೆಗೆದಿಡಬೇಕು.

ಇನ್ನೂ ಒಂದು ಮಾತನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡುವುದು ಒಳ್ಳೆಯದು. ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಸೌರ ಘಟಕ ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ಲೈನ್‌ಮನ್ ಕಂಬ ಹತ್ತಿ ದುರಸ್ತಿ ಮಾಡುವಾಗ ಮಾಳಿಗೆಯಿಂದ ವಿದ್ಯುತ್ ಹರಿದು ಅವನ ಜೀವಕ್ಕೆ ಕುತ್ತು ಬರಬಾರದೆಂದು ಮಾಡಿದ ಏರ್ಪಾಡಿದು. ಪಶು ಆಸ್ಪತ್ರೆಯಲ್ಲಿ ಲಸಿಕೆ ಇಡುವ ಫ್ರಿಜ್ಜು, ಶಸ್ತ್ರಚಿಕಿತ್ಸೆಯ ದೀಪ ಇಂಥ ಕಡೆಗೆ ಮಾತ್ರ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಹಾಕಿ, ಉಳಿದ ಹೊರೆಯನ್ನು ಗ್ರಿಡ್ಡಿಗೇ ಬಿಟ್ಟರೆ ಖರ್ಚು ಹಿಡಿತದಲ್ಲಿರುತ್ತದೆ. ಬೇಸಿಗೆ ರಜೆಯಲ್ಲಿ ಕ್ಯಾಂಪಸ್ಸು ಬರಿದಾದಾಗ ಹುಟ್ಟುವ ಹೆಚ್ಚುವರಿ ವಿದ್ಯುತ್ತು, ಬಂದದ್ದನ್ನೂ ಹೋದದ್ದನ್ನೂ ಅಳೆಯುವ ನೆಟ್ ಮೀಟರ್ ದಾಟಿ ಊರಿಗೆ ಹರಿಯುತ್ತದೆ.

ದೇವಣಿ ದನದ ಕೊಡುಗೆ

ಬಿಸಿಲು ಎಲ್ಲ ಊರಿಗೂ ಉಂಟು. ರಾಜ್ಯದಲ್ಲಿ ಬೀದರಿಗೆ ಮಾತ್ರ ಒದಗಿದ ಭಾಗ್ಯ ಪಶುವಿಜ್ಞಾನದ ವಿಶ್ವವಿದ್ಯಾಲಯ. ಭಾಲ್ಕಿ ತಾಲ್ಲೂಕಿನ ಕಟ್ಟಿತುಗಾಂವದಲ್ಲಿ ದೇವಣಿ ತಳಿಗೆಂದೇ ಈ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಹಾಲಿಗೂ ಸೈ, ಹೊಲಕ್ಕೂ ಸೈ ಎನಿಸಿಕೊಂಡ ದೇವಣಿ ಈ ಗಡಿಸೀಮೆಯ ಹೆಮ್ಮೆ. ಬಣ್ಣ ಮತ್ತು ಮಚ್ಚೆಗಳ ಮೇಲೆ ವಾನೇರಾ, ಬಾಳಂಕ್ಯಾ, ಶೇವೇರಾ ಎಂದು ಅದರಲ್ಲಿ ಮೂರು ಬಗೆಯನ್ನು ಗುರುತಿಸುತ್ತಾರೆ.

ದೊಡ್ಡ ದನವೊಂದು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುತ್ತದೆ. 25 ಕಿಲೋ ಹಸಿ ಸಗಣಿಯಿಂದ ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸಿಗುತ್ತದೆ. ನೂರು ದನಗಳ ಕೊಟ್ಟಿಗೆ ಅಂದರೆ 40 ಘನ ಮೀಟರ್. ಅದು 17 ಕಿಲೋ ಎಲ್‌ಪಿಜಿಗೆ ಸಮ. ದಿನಕ್ಕೆ ಮನೆಬಳಕೆಯ ಒಂದು ಸಿಲಿಂಡರಿಗಿಂತ ಹೆಚ್ಚೇ ಆಯಿತು. ಹಾಸ್ಟೆಲಿನ ಒಲೆಗೋ, ಪ್ರಯೋಗಾಲಯದ ಉಪಕರಣ ಕುದಿಸುವ ಬಾಯ್ಲರಿಗೋ ಇದು ಒದಗಬಲ್ಲದು. ಮೆಸ್ಸಿನಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆಗಳನ್ನೂ ಇದೇ ಗೋಬರ್ ಗ್ಯಾಸ್ ತೊಟ್ಟಿಗೆ ಹದವರಿತು ಹಾಕಬಹುದು. ಹೊರಬರುವ ಬಗ್ಗಡದಲ್ಲಿ ಸಗಣಿಯ ಸಾರಜನಕ ಉಳಿದೇ ಇರುವುದರಿಂದ ಮೇವಿನ ಹೊಲಕ್ಕೆ ಗೊಬ್ಬರವೂ ಆಯಿತು. ಬೆರಣಿ ತಟ್ಟಿ ಸುಟ್ಟರೆ ಸಗಣಿ ಬೂದಿಯಾಗುತ್ತದೆ. ತೊಟ್ಟಿಗೆ ಹಾಕಿದರೆ ಒಲೆಗೂ ಹೊಲಕ್ಕೂ ಎರಡಕ್ಕೂ ದಕ್ಕುತ್ತದೆ.

ಇಲ್ಲಿಯೂ ಸ್ಥಳದ ಗುಣ ಅರಿಯಬೇಕು. ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಆಸುಪಾಸಿನ ಬೆಚ್ಚಗೆ ಬೇಕು. ಬೀದರಿನ ಡಿಸೆಂಬರ್–ಜನವರಿ ರಾತ್ರಿಗಳು ರಾಜ್ಯದ ಹೆಚ್ಚು ಚಳಿಯ ರಾತ್ರಿಗಳ ಸಾಲಿನವು. ಆಗ ಅನಿಲ ಇಳಿಯುತ್ತದೆ. ತೊಟ್ಟಿಯನ್ನು ನೆಲದೊಳಗೆ ಕಟ್ಟುವುದು, ಸಗಣಿ ಕಲಸಲು ಸೋಲಾರ್ ಹೀಟರಿನ ಬೆಚ್ಚನೆ ನೀರು ಬಳಸುವುದು, ಮೇಲೆ ಹುಲ್ಲು ಹೊದಿಸುವುದು ಇದಕ್ಕೆ ಉಪಾಯ. ಯಾವ ಉಪಾಯ ಎಷ್ಟು ಫಲ ಕೊಟ್ಟಿತು ಎಂದು ಅಳೆದು ಬರೆದಿಡುವುದೇ ಪಶುವೈದ್ಯಕೀಯ ವಿದ್ಯಾರ್ಥಿಗೆ ಒಳ್ಳೆಯ ಸಂಶೋಧನೆ.

ಗೇಟು ದಾಟಿದ ವಿದ್ಯೆ

ಕ್ಯಾಂಪಸ್ಸಿನ ಶಕ್ತಿ ಪ್ರಯೋಗಕ್ಕೆ ಕರ್ನಾಟಕದಲ್ಲಿ ಘನವಾದ ಪರಂಪರೆ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಮತ್ತು ಸಂಗಾತಿಗಳು ಗ್ರಾಮಗಳಿಗೆ ವಿಜ್ಞಾನವನ್ನು ಒಯ್ಯಲೆಂದು ‘ಅಸ್ತ್ರ’ ಕೇಂದ್ರ ಕಟ್ಟಿದರು. ನಮ್ಮ ತಾಯಂದಿರ ಕಣ್ಣಿನ ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಅದೇ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಗೋಬರ್ ಗ್ಯಾಸ್ ಘಟಕ ನಿಲ್ಲಿಸಿತು. ಮೊದಲಿನ ಗುರಿ ಅಡುಗೆ ಅನಿಲ. ಊರಿನ ದನಗಳ ಸಗಣಿ ಎಲ್ಲ ಮನೆಯ ಅಡುಗೆಗೆ ಸಾಲದೆಂದು ಗೊತ್ತಾದಾಗ, 1987ರಲ್ಲಿ ಆ ಅನಿಲದಿಂದ ಎಂಜಿನ್ ಓಡಿಸಿ ದೀಪಕ್ಕೂ ಕುಡಿಯುವ ನೀರಿನ ಪಂಪಿಗೂ ವಿದ್ಯುತ್ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ, ಜೊತೆಗೆ ಅವರ ಪಾಲಿನ ಬಗ್ಗಡ ವಾಪಸ್ಸು. ಘಟಕವನ್ನು ಓಡಿಸಿದವರು ಆ ಊರಿನ ಹುಡುಗರೇ.

ಯಂತ್ರಕ್ಕಿಂತ ಆ ಏರ್ಪಾಡು ದೊಡ್ಡದು. ಊರಿಗೆ ಏನು ಬೇಕೆಂದು ಕೇಳಿದರು, ಲೆಕ್ಕ ತಾಳೆಯಾಗದಾಗ ಗುರಿ ಬದಲಿಸಿದರು, ನಡೆಸುವ ಕೈಗಳನ್ನು ಊರಿನಲ್ಲೇ ತಯಾರು ಮಾಡಿದರು. ಬೀದರಿನ ಕ್ಯಾಂಪಸ್ಸುಗಳಿಗೆ ನಾನು ಒತ್ತಿ ಹೇಳಬಯಸುವುದು ಇದನ್ನೇ: ಮಾಳಿಗೆಯ ಘಟಕದ ಬೆಲೆಯನ್ನು ಬಿಲ್ಲಿನ ಉಳಿತಾಯದಿಂದಷ್ಟೇ ಅಳೆಯಬೇಡಿ, ಅದರ ಮೇಲೆ ಕಲಿತು ಹೊರಗೆ ಹೋದವರ ಸಂಖ್ಯೆಯಿಂದಲೂ ಅಳೆಯಿರಿ. ಗುತ್ತಿಗೆದಾರ ಬಂದು ಜೋಡಿಸಿ ಬೀಗ ಹಾಕಿ ಹೋದ ಘಟಕದಿಂದ ವಿದ್ಯಾರ್ಥಿಗೆ ಸಿಗುವುದು ಕರೆಂಟು ಮಾತ್ರ. ವಿದ್ಯುತ್ ವಿಭಾಗದವರು ಇನ್ವರ್ಟರಿನ ದಾಖಲೆ ಓದಲಿ, ಮೆಕ್ಯಾನಿಕಲ್ ವಿಭಾಗದವರು ಧೂಳು ಒರೆಸುವ ಸರಳ ಸಾಧನ ಮಾಡಲಿ, ವಾಣಿಜ್ಯದವರು ರೆಸ್ಕೋ ಒಪ್ಪಂದದ ಲೆಕ್ಕ ಬಿಡಿಸಲಿ.

ಈ ವಿದ್ಯೆ ಊರಿಗೆ ತಲುಪಬೇಕಾದದ್ದು ಕನ್ನಡದಲ್ಲಿ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಭಾಲ್ಕಿ. ಸೌರ ಪಂಪಿನ ಕೈಪಿಡಿ, ಪ್ಯಾನೆಲ್ ರಕ್ಷಣೆಯ ಸೂಚನೆ, ಗೋಬರ್ ಗ್ಯಾಸ್ ದುರಸ್ತಿಯ ಪುಸ್ತಿಕೆಗಳನ್ನು ರೈತನಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡುವ ಕೆಲಸ ಆ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಲ್ಲಬೇಕಾದ ಹೊಣೆ.

ಔರಾದಿನ ಬಯಲು

ಮಹಾರಾಷ್ಟ್ರ, ತೆಲಂಗಾಣಗಳ ಅಂಚಿನ ಔರಾದ್ ಮಳೆಯನ್ನೇ ನಂಬಿದ ತಾಲ್ಲೂಕು. ಸೋಯಾ, ತೊಗರಿ, ಉದ್ದು, ಹೆಸರು ಅಲ್ಲಿನ ಬೆಳೆ. ಕೈಗೆ ಕೆಲಸವಿಲ್ಲದಾಗ ಹೈದರಾಬಾದೋ ಪುಣೆಯೋ ದಾರಿ. ಔರಾದಿನವರೇ ಆದ ಭಗವಂತ ಖೂಬಾ 2021ರಿಂದ 2024ರವರೆಗೆ ಕೇಂದ್ರದಲ್ಲಿ ನವೀಕರಿಸಬಹುದಾದ ಇಂಧನ ಖಾತೆಯ ರಾಜ್ಯ ಸಚಿವರಾಗಿದ್ದರು. ಬೀದರ್ ಜಿಲ್ಲೆಗೆ 2,500 ಮೆಗಾವಾಟ್ ಸೌರ ವಲಯವನ್ನು ಲೆಕ್ಕಕ್ಕೆ ಹಿಡಿದು ಕೇಂದ್ರವು ಪ್ರಸರಣ ಮಾರ್ಗದ ಯೋಜನೆ ರೂಪಿಸಿತ್ತು. ಮೆಗಾವಾಟಿಗೆ ನಾಲ್ಕೈದು ಎಕರೆಯಂತೆ ಇಷ್ಟು ದೊಡ್ಡ ವಲಯಕ್ಕೆ 10,000 ಎಕರೆಗೂ ಹೆಚ್ಚು ನೆಲ ಬೇಕಾಗುತ್ತದೆ.

2,050 ಮೆಗಾವಾಟಿನ ಪಾವಗಡ ಸೌರ ಪಾರ್ಕಿನಲ್ಲಿ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದರಿಂದ ಒಡೆತನ ಅವರಲ್ಲೇ ಉಳಿಯಿತು. ಆ ಪದ್ಧತಿಯಿಂದ ಕಲಿಯುವುದಿದೆ. ಕಲಿಯಬೇಕಾದ ಬೇರೆ ಪಾಠವೂ ಇದೆ: ಜಮೀನು ಇಲ್ಲದ ಕೂಲಿಯವರಿಗೆ ಗುತ್ತಿಗೆ ಹಣ ಬರುವುದಿಲ್ಲ, ಅವರಿಗೆ ಬೇಕಾದದ್ದು ಕಸುಬು. ಬೀದರ್ ಜಿಲ್ಲೆಯ ಹುಲ್ಲುಗಾವಲು ಬಂಜರು ಎಂದು ಕಾಗದದಲ್ಲಿ ಕಂಡರೂ ಅದು ಕೃಷ್ಣಮೃಗಗಳ ಮನೆ, ಕುರಿ–ದನಗಳ ಮೇವು. ಮಾಳಿಗೆ ತುಂಬುವ ಮೊದಲು ಹುಲ್ಲುಗಾವಲಿಗೆ ಕೈಹಾಕುವುದು ಸಲ್ಲದು. ಯಾವ ಜಾಗ ನಿಜವಾಗಿ ಪಾಳು, ಯಾವುದು ಜೀವದ ನೆಲೆ ಎಂಬ ನಕ್ಷೆಯನ್ನು ಹಾಲಹಳ್ಳಿಯ ವಿಶ್ವವಿದ್ಯಾಲಯ ತನ್ನ ಸಂಶೋಧನಾ ವಿದ್ಯಾರ್ಥಿಗಳಿಂದ ಮಾಡಿಸಬಹುದು. ಔರಾದಿನ ಕಾಲೇಜಿನ ಮಾಳಿಗೆಯಲ್ಲಿ ಹತ್ತು ಕಿಲೋವಾಟಿನ ಚಿಕ್ಕ ಘಟಕವಿದ್ದರೂ, ಅದರ ಮೇಲೆ ಕೈ ಪಳಗಿಸಿಕೊಂಡ ಯುವಕ–ಯುವತಿಯರು ನಾಳೆ ಬರುವ ದೊಡ್ಡ ಘಟಕದಲ್ಲಿ ಕಾವಲುಗಾರರಾಗದೆ ತಂತ್ರಜ್ಞರಾಗಿ ಸೇರುತ್ತಾರೆ. ಪಿಎಂ ಕುಸುಮ್ ಯೋಜನೆಯ ಸೌರ ಪಂಪುಗಳು ಹಳ್ಳಿಗೆ ಬಂದಂತೆಲ್ಲ ರಿಪೇರಿಗೆ ದೂರದ ಊರಿನ ಮೆಕ್ಯಾನಿಕ್‌ಗಾಗಿ ಕಾಯುವುದೂ ತಪ್ಪುತ್ತದೆ.

ಎಲ್ಲಿಂದ ಶುರು?

ಮೊದಲ ಹೆಜ್ಜೆಗೆ ಪ್ಯಾನೆಲ್ ಕೂಡ ಬೇಡ. ಹಿಂದಿನ ವರ್ಷದ ವಿದ್ಯುತ್ ಬಿಲ್ಲುಗಳನ್ನು ತೆಗೆದು ಯಾವ ಬ್ಲಾಕು, ಯಾವ ಗಂಟೆ, ಎಷ್ಟು ಬಳಸುತ್ತದೆ ಎಂದು ವಿದ್ಯಾರ್ಥಿಗಳೇ ಪಟ್ಟಿ ಮಾಡಲಿ. ಹಳೆ ಟ್ಯೂಬ್‌ಲೈಟು, ಹಳೆ ಫ್ಯಾನು ಬದಲಿಸಿದರೆ ಬೇಕಾಗುವ ಘಟಕವೇ ಚಿಕ್ಕದಾಗುತ್ತದೆ. ಉಳಿಸಿದ ಯೂನಿಟ್ಟು ಎಲ್ಲಕ್ಕಿಂತ ಅಗ್ಗ. ಎರಡನೆಯದು ಹಾಸ್ಟೆಲುಗಳಿಗೆ ಸೋಲಾರ್ ವಾಟರ್ ಹೀಟರ್, ಆಮೇಲೆ ಮಾಳಿಗೆಯ ಪ್ಯಾನೆಲ್, ದನ ಇರುವಲ್ಲಿ ಗೋಬರ್ ಗ್ಯಾಸ್. ಪ್ರತಿದಿನ ಎಷ್ಟು ಹುಟ್ಟಿತು, ಎಷ್ಟು ಖರ್ಚಾಯಿತು ಎಂಬುದನ್ನು ಗೇಟಿನ ಬಳಿ ಎಲ್ಲರೂ ಓದುವಂತೆ ಬರೆಯಲಿ. ನಿರ್ವಹಣೆಗೆ ಹೊಣೆಯಾದ ಒಬ್ಬ ಅಧ್ಯಾಪಕರನ್ನೂ ಒಬ್ಬ ತಂತ್ರಜ್ಞರನ್ನೂ ನೇಮಿಸಿ, ವರ್ಷಕ್ಕಿಷ್ಟು ಎಂದು ಹಣ ಮೀಸಲಿಡಲಿ. ಉದ್ಘಾಟನೆಯ ಫಲಕ ಹೊಳೆಯುತ್ತಿದ್ದು ಘಟಕ ಸತ್ತಿರುವ ದೃಶ್ಯ ನಾಡಿನಲ್ಲಿ ಸಾಕಷ್ಟಿದೆ.

ಬೀದರಿನಲ್ಲಿ ಬಿಸಿಲಿದೆ, ದನವಿದೆ, ಎಂಜಿನಿಯರಿಂಗ್ ಕಲಿಯುವ ಮಕ್ಕಳಿದ್ದಾರೆ, ಪಶುವಿಜ್ಞಾನದ ವಿಶ್ವವಿದ್ಯಾಲಯವಿದೆ. ಇವು ಒಂದೇ ಜಿಲ್ಲೆಯಲ್ಲಿ ಕೂಡಿಬಂದಿರುವಾಗ ಅವುಗಳನ್ನು ಒಂದೇ ಪಾಠದೊಳಗೆ ತರುವುದು ಕುಲಪತಿಗಳಿಗೂ ಪ್ರಾಂಶುಪಾಲರಿಗೂ ಸೇರಿದ ಕೆಲಸ. ಅದಕ್ಕೆ ದೊಡ್ಡ ಸೌರ ವಲಯ ಬರಲೆಂದು ಕಾಯಬೇಕಿಲ್ಲ. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ತರಗತಿಯನ್ನು ಮಾಳಿಗೆಯ ಮೇಲೆ ನಡೆಸಿದರೆ ಆರಂಭವಾಯಿತು.