ಮೂವತ್ತಾರು ನಿಮಿಷಗಳ ಪ್ರತಿಧ್ವನಿ

ಮಾರಾಟವಾದ ಪ್ರತಿಗಳ ಸಂಖ್ಯೆಯೇ ಸಂಗೀತದ ಅಳತೆಗೋಲಾಗಿದ್ದರೆ ‘ಸಿನಿಕ್’ ಎಂಬ ಅಮೆರಿಕದ ತಂಡದ ಹೆಸರು ಇಂದು ಯಾರಿಗೂ ನೆನಪಿರುತ್ತಿರಲಿಲ್ಲ. ಅದರ ಮೊದಲ ಧ್ವನಿಮುದ್ರಿಕೆ ‘ಫೋಕಸ್’ ಹೊರಬಂದದ್ದು 1993ರಲ್ಲಿ. ಎಂಟು ಹಾಡು, ಸುಮಾರು 36 ನಿಮಿಷ. ಮರುವರ್ಷವೇ ತಂಡ ಒಡೆಯಿತು. ಆದರೆ ಪ್ರೋಗ್ರೆಸಿವ್ ಮೆಟಲ್ ನುಡಿಸುವ ಅನೇಕ ಕಲಾವಿದರಿಗೆ ಆ ಮುದ್ರಿಕೆ ಪಾಠದಂತಾಯಿತು.

ಎಂಬತ್ತರ ದಶಕದ ಕೊನೆಯಲ್ಲಿ ಫ್ಲಾರಿಡಾ ರಾಜ್ಯ ‘ಡೆತ್ ಮೆಟಲ್’ನ ತವರಾಗಿತ್ತು. ಗಂಟಲಾಳದ ಘರ್ಜನೆ, ಬಿಡುವಿಲ್ಲದ ಡ್ರಮ್ಸ್, ಸಾವು-ಹಿಂಸೆಗಳ ವರ್ಣನೆ ಅದರ ಲಕ್ಷಣ. ಈ ಲೋಕದಲ್ಲೇ 1987ರಲ್ಲಿ ಮಯಾಮಿಯ ಇಬ್ಬರು ಹದಿಹರೆಯದವರು, ಗಿಟಾರ್ ವಾದಕ ಪಾಲ್ ಮಾಸ್ವಿಡಾಲ್ ಮತ್ತು ಡ್ರಮ್ಸ್ ವಾದಕ ಶಾನ್ ರೈನರ್ಟ್, ಸಿನಿಕ್ ಕಟ್ಟಿದರು. ಮೆಟಲ್ ಜೊತೆಗೆ ಅವರಿಗೆ ಜಾಝ್‌ನ ಗೀಳೂ ಇತ್ತು. 1991ರಲ್ಲಿ ‘ಡೆತ್’ ತಂಡದ ‘ಹ್ಯೂಮನ್’ ಮುದ್ರಿಕೆಯಲ್ಲಿ ನುಡಿಸಿ ಅವರು ಗಮನ ಸೆಳೆದರು.

ಸ್ವಂತ ಮುದ್ರಿಕೆಗೆ ಅಣಿಯಾಗುತ್ತಿದ್ದಂತೆ, 1992ರ ಆಗಸ್ಟ್‌ನಲ್ಲಿ ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲಾರಿಡಾವನ್ನು ಧ್ವಂಸ ಮಾಡಿತು. ಕೆಲಸ ತಿಂಗಳುಗಟ್ಟಲೆ ಹಿಂದೆ ಬಿತ್ತು. ಕೊನೆಗೂ ಹೊರಬಂದ ‘ಫೋಕಸ್’ನಲ್ಲಿ ಘರ್ಜನೆಯ ಪಕ್ಕದಲ್ಲೇ ಇನ್ನೊಂದು ವಿಚಿತ್ರ ದನಿ ಕೇಳುತ್ತದೆ. ಅದು ವೋಕೋಡರ್‌ನದು. ಮನುಷ್ಯನ ಉಚ್ಚಾರವನ್ನು ವಾದ್ಯದ ನಾದಕ್ಕೆ ತೊಡಿಸುವ ಯಂತ್ರ ಅದು. ಮಾತು ಕೇಳಿಸುತ್ತದೆ, ಮಾತಾಡುವವನ ಗುರುತು ಸಿಗುವುದಿಲ್ಲ. ಮೊದಲ ಹಾಡಿನ ಹೆಸರು ‘ವೇಲ್ ಆಫ್ ಮಾಯಾ’. ವೇದಾಂತದ ಮಾಯೆ ಎಂಬ ಶಬ್ದ ಸಾವು-ನೆತ್ತರಿನ ಹಾಡುಗಳ ನಡುವೆ ಹೀಗೆ ಕಾಲಿಟ್ಟಿತು. ಶಾನ್ ಮಲೋನ್ ಅವರ ಬಾಸ್ ಗಿಟಾರ್ ತಾಳ ಹಿಡಿಯುವುದಷ್ಟಕ್ಕೇ ನಿಲ್ಲದೆ ರಾಗವನ್ನೂ ಹಾಡಿತು.

ಸಮಕಾಲೀನ ಶ್ರೋತೃಗಳಿಗೆ ಇದು ಹಿಡಿಸಲಿಲ್ಲ. 1994ರಲ್ಲಿ ‘ಕ್ಯಾನಿಬಲ್ ಕಾರ್ಪ್ಸ್’ನಂಥ ಉಗ್ರ ತಂಡದ ಜೊತೆ ಪ್ರವಾಸ ಹೊರಟಾಗ ಘರ್ಜನೆ ಕೇಳಲು ಬಂದವರಿಗೆ ಜಾಝ್ ಬೇಕಿರಲಿಲ್ಲ. ಆದರೆ ಸಂಗೀತಗಾರರು ಕೇಳಿದರು. ಮುಂದೆ ಷಿಕಾಗೋದ ತಂಡವೊಂದು ಆ ಮೊದಲ ಹಾಡಿನ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತು. ಸಿನಿಕ್ ಮತ್ತೆ ಒಂದಾಗಿ ಎರಡನೆಯ ಮುದ್ರಿಕೆ ‘ಟ್ರೇಸ್ಡ್ ಇನ್ ಏರ್’ ತಂದದ್ದು 2008ರಲ್ಲಿ, ಹದಿನೈದು ವರ್ಷಗಳ ಮೇಲೆ.

2014ರಲ್ಲಿ ಮಾಸ್ವಿಡಾಲ್ ಮತ್ತು ರೈನರ್ಟ್ ತಾವು ಸಲಿಂಗಕಾಮಿಗಳೆಂದು ಬಹಿರಂಗವಾಗಿ ಹೇಳಿಕೊಂಡರು. ಗಂಡಸುತನದ ಪ್ರದರ್ಶನವೇ ಮುಖ್ಯವಾಗಿದ್ದ ಲೋಕದಲ್ಲಿ ಅವರು ಎರಡು ದಶಕಗಳಿಗೂ ಹೆಚ್ಚು ಕಾಲ ಈ ಮಾತು ಆಡಿರಲಿಲ್ಲ. ಇದನ್ನು ತಿಳಿದು ‘ಫೋಕಸ್’ ಕೇಳಿದರೆ, ಮುಖ ಮರೆಸಿಕೊಂಡು ಹಾಡುವ ಆ ಯಂತ್ರದ ದನಿ ಬೇರೆಯೇ ಆಗಿ ಕೇಳಿಸುತ್ತದೆ.

2020ರ ಜನವರಿಯಲ್ಲಿ ರೈನರ್ಟ್, ಡಿಸೆಂಬರ್‌ನಲ್ಲಿ ಮಲೋನ್ ತೀರಿಕೊಂಡರು. 2021ರಲ್ಲಿ ಮಾಸ್ವಿಡಾಲ್ ‘ಅಸೆನ್ಷನ್ ಕೋಡ್ಸ್’ ಹೊರತಂದರು. ಅದರಲ್ಲಿ ಬಾಸ್ ಗಿಟಾರ್ ಇಲ್ಲ. ಆ ಸ್ವರಗಳನ್ನು ಸಿಂಥಸೈಸರ್‌ನಲ್ಲಿ ನುಡಿಸಲಾಗಿದೆ. ಮಲೋನ್ ಕೂರುತ್ತಿದ್ದ ಜಾಗ ಖಾಲಿಯೇ ಉಳಿಯಿತು.