ನೂರು ಮಂದಿಗೆ ಬಟಾಟಿ ಪಲ್ಯ: ಕೆಂಡ ಕಲಿಸಿದ ಪಾಠ

ನಾಲ್ಕು ಮಂದಿಗೆ ಕಣ್ಣಳತೆಯಲ್ಲೇ ಅಡುಗೆ ಮಾಡುವ ಕೈ, ನೂರು ಮಂದಿಗೆ ಮಾಡು ಎಂದರೆ ನಡುಗುತ್ತದೆ. ಉಪ್ಪು ಎಷ್ಟು, ನೀರು ಎಷ್ಟು, ತಳ ಹಿಡಿದರೆ ಏನು ಗತಿ ಎಂಬ ಚಿಂತೆ. ಕುಬಸ, ಗೃಹಪ್ರವೇಶ, ಜಾತ್ರೆಯ ದಿನಗಳಲ್ಲಿ ನಮ್ಮ ಸೋದರಿಯರಲ್ಲಿ ಅನೇಕರಿಗೆ ಈ ಅನುಭವ ಆಗಿರಲೇಬೇಕು. ನನಗೆ ಈ ವಿದ್ಯೆ ಬಂದದ್ದು ಮಾತ್ರ ಹಬ್ಬದಲ್ಲಲ್ಲ, ಹೊಳೆ ಬಂದಾಗ.

ನನ್ನ ತವರು ಮುಧೋಳ, ಕೊಟ್ಟ ಮನೆ ಜಮಖಂಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾದವಳು ನಾನು. ನಮ್ಮ ಭಾಗ ಎರಡು ಹೊಳೆಗಳ ನಡುವಿನದು. ಮುಧೋಳದ ಕಡೆ ಘಟಪ್ರಭೆ, ಜಮಖಂಡಿ ಮತ್ತು ರಬಕವಿ-ಬನಹಟ್ಟಿಯ ಕಡೆ ಕೃಷ್ಣೆ. ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಇಬ್ಬರೂ ಕೂಡುತ್ತಾರೆ. ಕಬ್ಬು, ಬೆಲ್ಲ, ಸಕ್ಕರೆ ಎಲ್ಲ ಇವರು ಕೊಟ್ಟದ್ದೇ. ಮುನಿದರೆ ಎಲ್ಲವನ್ನೂ ಕೇಳುವವರೂ ಇವರೇ.

2019ರ ನಾಗರ ಪಂಚಮಿ ಆಗಸ್ಟ್ 5ರಂದು, ಸೋಮವಾರ ಬಂದಿತ್ತು. ತವರಿಗೆ ಬಂದ ಹೆಣ್ಣುಮಕ್ಕಳು ಇನ್ನೂ ಜೋಕಾಲಿ ಬಿಟ್ಟು ಇಳಿದಿರಲಿಲ್ಲ, ಡಬ್ಬಿಯ ಉಂಡಿ ತೀರಿರಲಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯೋ ಮಳೆ. ಕೊಯ್ನಾ ಜಲಾಶಯದ ನೀರು ಕೃಷ್ಣೆಗೆ, ಹಿಡಕಲ್ ಜಲಾಶಯದ ನೀರು ಘಟಪ್ರಭೆಗೆ ಇಳಿಯಿತು. ಆ ವಾರದಲ್ಲಿ ದಂಡೆಯ ಊರುಗಳು ಒಂದೊಂದಾಗಿ ನೀರಿನಲ್ಲಿ ನಿಂತವು. ಜನ ದನಕರು ಹೊಡೆದುಕೊಂಡು, ಕೈಗೆ ಸಿಕ್ಕ ಗಂಟು ಕಟ್ಟಿಕೊಂಡು ಎತ್ತರದ ಊರುಗಳ ಶಾಲೆಗಳಿಗೆ ಬಂದರು. ನಮ್ಮ ಓಣಿಯ ಹತ್ತಿರದ ಒಂದು ಶಾಲೆಯಲ್ಲೂ ನೂರರ ಮೇಲೆ ಮಂದಿ ಇಳಿದರು. ಸರ್ಕಾರದ ಗಂಜಿ ಕೇಂದ್ರದ ವ್ಯವಸ್ಥೆ ಕೂಡಿಬರುವ ತನಕ ರಾತ್ರಿಯ ಊಟ ನಾವು ಓಣಿಯ ಹೆಂಗಸರು ನೋಡಿಕೊಳ್ಳಬೇಕೆಂದು ಮಾತಾಯಿತು.

ರೊಟ್ಟಿಗೆ ಚಿಂತೆ ಇರಲಿಲ್ಲ. ಮನೆಗೆ ಇಪ್ಪತ್ತರಂತೆ ಬಡಿದರೆ ಹದಿನೈದು ಮನೆಯಿಂದ ಮುನ್ನೂರು ರೊಟ್ಟಿ. ಪಲ್ಯಕ್ಕೇನು? ರಸ್ತೆ ಕಡಿದು ಕಾಯಿಪಲ್ಲೆ ಬರುವಂತಿರಲಿಲ್ಲ. ಅಂಗಡಿಯಲ್ಲಿ ಇದ್ದದ್ದು ಬಟಾಟಿ, ಉಳ್ಳಾಗಡ್ಡಿ. ಬಟಾಟಿ ಎಂಬ ಹೆಸರು ಪೋರ್ಚುಗೀಸರ ಜೊತೆ ಬಂದದ್ದಂತೆ. ಹೆಸರು ಎಲ್ಲಿಯದಾದರೂ ಆಗಲಿ, ಆ ಹೊತ್ತಿಗೆ ನಮ್ಮನ್ನು ಕಾಯ್ದದ್ದು ಅದೇ.

ಮೊದಲ ದಿನ ನಾನೇ ಮುಂದಾಳಾದೆ. ಮನೆಯಲ್ಲಿ ಎಣ್ಣಗಾಯಿ ಮಾಡುವವಳು ತಾನೆ ಎಂಬ ಧೈರ್ಯ. ಒಂದೇ ದೊಡ್ಡ ಬೋಗೋಣಿಯಲ್ಲಿ ಎಲ್ಲವನ್ನೂ ಸುರಿದೆ. ಹುಣಸೆಹುಳಿಯನ್ನು ಮೊದಲೇ ಹಾಕಿದೆ. ಮಕ್ಕಳು ಹಸಿದು ಅಳುತ್ತಿದ್ದವು, ಆದ್ದರಿಂದ ಒಲೆ ಬಾಯಿ ತುಂಬ ಕಟ್ಟಿಗೆ ತುರುಕಿದೆ. ಅರ್ಧ ತಾಸಿನಲ್ಲಿ ತಳ ಸೀದ ವಾಸನೆ. ಮೇಲಿನ ಹೋಳು ಹಿಚುಕಿದರೆ ಕಲ್ಲು! ತಳ ಕರಕು, ಮೇಲೆ ಹಸಿ. ಆ ರಾತ್ರಿ ಮಂದಿ ರೊಟ್ಟಿಯನ್ನು ಶೇಂಗಾ ಹಿಂಡಿ, ಮೊಸರಿನ ಜೊತೆ ಉಂಡರು. ಯಾರೂ ಒಂದು ಮಾತು ಆಡಲಿಲ್ಲ. ಆಡಿದ್ದರೇ ನನಗೆ ಹಗುರಾಗುತ್ತಿತ್ತು.

ಬೋಗೋಣಿ ತಿಕ್ಕುತ್ತ ಕೂತಾಗ ಒಬ್ಬ ಆಯಿ ಬಂದು ಪಕ್ಕದಲ್ಲಿ ಕೂತಳು. ಬೀಳಗಿ ಕಡೆಯವಳು, ಮಗಳ ಬಾಣಂತನಕ್ಕೆಂದು ಹೊಳೆದಂಡೆಯ ಊರಿಗೆ ಬಂದು ನೀರಿಗೆ ಸಿಕ್ಕವಳು. ಅವಳ ಸ್ವಂತ ಊರು ಆಲಮಟ್ಟಿ ಹಿನ್ನೀರಿನಲ್ಲಿ ಎಂದೋ ಮುಳುಗಿತ್ತು. “ನನಗ ಇದು ಎರಡನೇ ನೀರವ್ವಾ” ಎಂದಳು. ಆಮೇಲೆ ಬೋಗೋಣಿಯ ತಳ ನೋಡಿ, “ಹಸದವ್ರಿಗೆ ಅವಸರ ಇರತೈತಿ, ಉರಿಗೆ ಅವಸರ ಇರಬಾರದು. ನಾಳೆ ಕೆಂಡದ ಮ್ಯಾಲೆ ಮಾಡೂಣು. ಹುಳಿ ಕಡೀಕ ಹಾಕು” ಅಂದಳು.

ಹುಳಿಯ ಮಾತು ಎಷ್ಟು ನಿಜವೆಂದು ಆಮೇಲೆ ತಿಳಿಯಿತು. ಹುಳಿ ನೀರಿನಲ್ಲಿ ಬಟಾಟಿ ಬೇಗ ಮೆತ್ತಗಾಗುವುದಿಲ್ಲ, ಹೋಳು ಬಿಗಿದುಕೊಳ್ಳುತ್ತದೆ. ಹುಣಸೆ ಇರಲಿ, ಟೊಮೇಟೊ ಇರಲಿ, ಬಟಾಟಿ ಬೆಂದ ಮೇಲೆಯೇ ಹಾಕಬೇಕು. ಇಪ್ಪತ್ತು ವರ್ಷ ಅಡುಗೆ ಮಾಡಿದರೂ ಇದನ್ನು ಯೋಚಿಸಿರಲಿಲ್ಲ.

ಮರುದಿನ ಇನ್ನೊಂದು ಸಂಗತಿ ಕೂಡಿಬಂತು. ಬಂದವರ ಎಮ್ಮೆಗಳ ಹಾಲು ಡೈರಿಗೆ ಹೋಗುವಂತಿರಲಿಲ್ಲ. ಚಾ ಮಾಡಿ, ಮಕ್ಕಳಿಗೆ ಕೊಟ್ಟು ಇನ್ನೂ ಉಳಿದಿತ್ತು. ಬನಹಟ್ಟಿಯಲ್ಲಿ ಹುಟ್ಟಿದ ನಮ್ಮ ಪಕ್ಕದ ಮನೆಯ ವೈನಿ, ನೇಕಾರರ ಮನೆಯ ಮಗಳು, ಕೆಡುವುದಕ್ಕೆ ಮೊದಲೇ ನಿಂಬೆಹುಳಿ ಹಿಂಡಿ ಒಡೆಸೋಣ ಎಂದರು. ಅರಿವೆಯಲ್ಲಿ ಸೋಸಿದ ಆ ಗಡ್ಡೆಯನ್ನೇ ಪೇಟೆಯಲ್ಲಿ ಪನೀರ್ ಎಂದು ಮಾರುತ್ತಾರೆ. ಅದನ್ನು ಪಲ್ಯಕ್ಕೆ ಪುಡಿಮಾಡಿ ಹಾಕಿದೆವು. ರಸ ಗಟ್ಟಿಯಾಗಿ ರೊಟ್ಟಿಗೆ ಹತ್ತಿಕೊಂಡಿತು, ಮಕ್ಕಳಿಗೆ ಹೊಟ್ಟೆಗೂ ಆಯಿತು.

ಆ ಪಲ್ಯದ ಅಳತೆ, ವಿಧಾನ ಇಲ್ಲಿ ಕೊಡುತ್ತಿದ್ದೇನೆ. ಆಮೇಲೆ ಎರಡು ಕುಬಸದಲ್ಲೂ ಮಾಡಿ ಸರಿ ನೋಡಿದ್ದೇನೆ.

ಬೇಕಾಗುವ ಸಾಮಗ್ರಿ (100 ಮಂದಿಗೆ)

ಬಟಾಟಿ 12 ಕಿಲೋ, ಉಳ್ಳಾಗಡ್ಡಿ 4 ಕಿಲೋ, ಎಮ್ಮೆ ಹಾಲು 5 ಲೀಟರ್, ನಿಂಬೆಹಣ್ಣು 5, ಶೇಂಗಾ 1 ಕಿಲೋ, ಒಣಕೊಬ್ಬರಿ ಅರ್ಧ ಕಿಲೋ, ಎಳ್ಳು ಕಾಲು ಕಿಲೋ, ಬಳ್ಳೊಳ್ಳಿ 200 ಗ್ರಾಂ, ಮಸಾಲಿ ಖಾರ 200 ಗ್ರಾಂ, ಹುಣಸೆಹಣ್ಣು 200 ಗ್ರಾಂ, ಬೆಲ್ಲ 200 ಗ್ರಾಂ, ಉಪ್ಪು ಸುಮಾರು 250 ಗ್ರಾಂ, ಎಣ್ಣೆ ಒಂದೂಕಾಲು ಲೀಟರ್, ಅರಿಷಿಣ, ಸಾಸಿವೆ, ಜೀರಿಗೆ, ಕರಿಬೇವು, ನಾಲ್ಕು ಸಿವುಡು ಕೋತಂಬರಿ. ಜೊತೆಗೆ ತಲೆಗೆ ಮೂರರಂತೆ ರೊಟ್ಟಿ. ಕಿಲೋ ಜೋಳದ ಹಿಟ್ಟಿಗೆ 15 ರೊಟ್ಟಿ ಹಿಡಿದರೆ 20 ಕಿಲೋ ಹಿಟ್ಟು ಬೇಕು.

ಮಾಡುವ ವಿಧಾನ

ಮೊದಲು ಹಾಲನ್ನು ಕಾಯಿಸಿ, ಉಕ್ಕು ಬಂದಾಗ ಇಳಿಸಿ ನಿಂಬೆರಸ ಸ್ವಲ್ಪಸ್ವಲ್ಪವೇ ಹಾಕಿ ಒಡೆಸಿರಿ. ಅರಿವೆಯಲ್ಲಿ ಕಟ್ಟಿ, ತಣ್ಣೀರಿನಲ್ಲಿ ಒಮ್ಮೆ ಅದ್ದಿ ಹಿಂಡಿ, ಅರ್ಧ ತಾಸು ಕಲ್ಲು ಹೇರಿಡಿ. ಸುಮಾರು ಒಂದು ಕಿಲೋ ಗಡ್ಡೆ ಸಿಗುತ್ತದೆ. ಶೇಂಗಾ, ಎಳ್ಳು, ಕೊಬ್ಬರಿ ಬೇರೆಬೇರೆ ಹುರಿದು, ಬಳ್ಳೊಳ್ಳಿ ಕೂಡಿಸಿ ತರಿತರಿಯಾಗಿ ಕುಟ್ಟಿಕೊಳ್ಳಿರಿ. ಬಟಾಟಿಯ ಸಿಪ್ಪೆ ತೆಗೆದು ನಾಲ್ಕು ಹೋಳು ಮಾಡಿ ನೀರಿನಲ್ಲಿ ಹಾಕಿರಿ. ಹೋಳುಗಳೆಲ್ಲ ಒಂದೇ ಅಳತೆಯಲ್ಲಿರಲಿ. ದೊಡ್ಡದೊಂದು, ಸಣ್ಣದೊಂದು ಆದರೆ ಒಂದು ಕರಗುತ್ತದೆ, ಇನ್ನೊಂದು ಬೇಯುವುದಿಲ್ಲ.

ಎರಡು ದಪ್ಪ ತಳದ ಬೋಗೋಣಿ ತೆಗೆದುಕೊಳ್ಳಿರಿ. ಒಂದರಲ್ಲೇ ತುಂಬಿದರೆ ತಳದ ಬಿಸಿ ಮೇಲಿನ ಹೋಳಿಗೆ ಮುಟ್ಟುವುದು ಕಷ್ಟ. ಎಲ್ಲವನ್ನೂ ಎರಡು ಪಾಲು ಮಾಡಿ, ಎಣ್ಣೆ ಕಾಯಿಸಿ ಒಗ್ಗರಣೆ ಕೊಟ್ಟು ಉಳ್ಳಾಗಡ್ಡಿ ಕೆಂಪಗೆ ಹುರಿಯಿರಿ. ಅರಿಷಿಣ, ಖಾರ, ಆಮೇಲೆ ಬಟಾಟಿ, ಮುಕ್ಕಾಲು ಪಾಲು ಉಪ್ಪು ಹಾಕಿ ಹತ್ತು ನಿಮಿಷ ತಿರುವಿರಿ. ಬೋಗೋಣಿಗೆ ಎರಡೆರಡು ಲೀಟರ್ ಕುದಿಯುವ ನೀರು ಹೊಯ್ಯಿರಿ. ತಣ್ಣೀರು ಬೇಡ.

ಕುದಿ ಹತ್ತಿದ ಕೂಡಲೇ ಉರಿಯುವ ಕಟ್ಟಿಗೆ ಎಳೆದುಬಿಡಿ. ಒಲೆಯಲ್ಲಿ ಕೆಂಡ ಮಾತ್ರ ಉಳಿಯಲಿ. ಕಬ್ಬಿನ ಸಿಪ್ಪೆ, ಜೋಳದ ದಂಟು ಭಗ್ಗನೆ ಉರಿದು ಬೂದಿಯಾಗುತ್ತವೆ. ಜಾಲಿ ಕಟ್ಟಿಗೆಯ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಬೋಗೋಣಿಯ ಮೇಲೆ ಪರಾತ ಮುಚ್ಚಿ ಅದರಲ್ಲಿ ನೀರು ಹಾಕಿರಿ. ಒಳಗಿನ ಉಗಿ ತಂಪು ಪರಾತಕ್ಕೆ ತಾಕಿ ಹನಿಯಾಗಿ ಪಲ್ಯಕ್ಕೇ ಬೀಳುತ್ತದೆ, ತಳ ಒಣಗುವುದಿಲ್ಲ. ಪಲ್ಯಕ್ಕೆ ನೀರು ಸಾಲದೆ ಬಂದರೆ ಪರಾತದಲ್ಲೇ ಬಿಸಿನೀರು ಸಿದ್ಧ. ಒಂದು ತಾಸು ಸವಟು ಹಾಕಬೇಡಿ, ಹೋಳು ಒಡೆಯುತ್ತವೆ. ಇಬ್ಬರು ಕೂಡಿ ಕಿವಿ ಹಿಡಿದು ಎರಡು ಸಲ ಜೋಪಾನವಾಗಿ ಅಲುಗಿಸಿದರೆ ಸಾಕು.

ಚಾಕು ಸರಾಗವಾಗಿ ಇಳಿದರೆ ಬೆಂದಿತೆಂದು ತಿಳಿಯಿರಿ. ಈಗ ಹುಣಸೆರಸ, ಬೆಲ್ಲ, ಕುಟ್ಟಿದ ಪುಡಿ, ಹಾಲಿನ ಗಡ್ಡೆ ಹಾಕಿ, ಉಪ್ಪು ನೋಡಿ, ಮತ್ತೆ ಅರ್ಧ ತಾಸು ಕೆಂಡದ ಮೇಲೆ ಬಿಡಿ. ಎಣ್ಣೆ ಮೇಲೆ ತೇಲಿದಾಗ ಕೋತಂಬರಿ ಉದುರಿಸಿರಿ. ಹತ್ತು ಮಂದಿಗಾದರೆ ಎಲ್ಲದರಲ್ಲೂ ಹತ್ತನೇ ಒಂದು ಪಾಲು. ಗ್ಯಾಸಿನ ಮೇಲಾದರೆ ಪಾತ್ರೆಯ ಕೆಳಗೆ ದಪ್ಪ ಹಂಚಿಟ್ಟು ಸಣ್ಣ ಉರಿ ಮಾಡಿರಿ.

ಕೆಲವು ಎಚ್ಚರಿಕೆಗಳು. ಹಸಿರುಗಟ್ಟಿದ, ಬಹಳ ಮೊಳಕೆ ಬಂದ ಬಟಾಟಿ ಬಳಸಬೇಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ಬಡಿಸಿ ಮುಗಿಯುವ ತನಕ ಪಲ್ಯ ಕೆಂಡದ ಮೇಲೆ ಬಿಸಿಯಾಗಿಯೇ ಇರಲಿ. ತಣ್ಣಗಾಗಿ ಎರಡು ತಾಸು ಕಳೆದ ಹಾಲಿನ ಪದಾರ್ಥವನ್ನು ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಕೊಡಬೇಡಿ. ಹೊಳೆ ಬಂದ ದಿನಗಳಲ್ಲಿ ಕುಡಿಯುವ ನೀರನ್ನು ಕುದಿಸಿ ಆರಿಸಿಯೇ ಕೊಡಬೇಕು.

ಈಗ ಆ ಎರಡನೇ ರಾತ್ರಿಯ ಮಾತು. ಪಲ್ಯ ಹದವಾಗಿ ಆಗಿತ್ತು, ಪಾಳಿ ಹಚ್ಚಿದ್ದೆವು. ಒಬ್ಬಾಕೆ ಮಾತ್ರ ಕಂಬಕ್ಕೆ ಒರಗಿ ನಿಂತಿದ್ದಳು, ತಾಟು ಹಿಡಿಯಲಿಲ್ಲ. ಕರೆದರೆ, “ನಂದು ಊಟಾ ಆಗೇತ್ರಿ ಅಕ್ಕಾರ” ಎಂದಳು. ಎಲ್ಲಿ ಉಂಡಾಳು ಪಾಪ? ಹೊಲಮನೆ ಇದ್ದ ಹೆಣ್ಣುಮಗಳು, ಜಾತ್ರೆಯಲ್ಲಿ ಬಂದವರಿಗೆಲ್ಲ ನೀಡಿದ ಕೈ. ಆ ಕೈ ಮುಂದೆ ಚಾಚುವುದು ಆಗುತ್ತಿರಲಿಲ್ಲ. ನಾನು ಒತ್ತಾಯ ಮಾಡಲು ಹೊರಟೆ. ಆಯಿ ನನ್ನನ್ನು ತಡೆದು ಆಕೆಯನ್ನು ಕೂಗಿದಳು: “ಇಲ್ಲಿ ಬಾರ ಮಗಳ, ಉಪ್ಪು ನೋಡು. ನನ್ನ ಮುದಿ ನಾಲಿಗಿಗೆ ರುಚಿ ತಿಳಿಯವಲ್ದು.”

ಆಕೆ ಬಂದು ಅಂಗೈಯಲ್ಲಿ ಹಾಕಿಸಿಕೊಂಡು ನೋಡಿದಳು. “ಚಿಟಿಕಿ ಬೇಕ್ರಿ” ಎಂದಳು. ತಾನೇ ಉಪ್ಪು ಹಾಕಿದಳು, ಸವಟು ಹಿಡಿದಳು, ಕೊನೆಯ ಪಂಕ್ತಿಯ ತನಕ ತಾನೇ ಬಡಿಸಿದಳು. ಆಮೇಲೆ ನಾವು ಬಡಿಸಿದವರೆಲ್ಲ ಕೂಡಿ ಕೂತಾಗ ಆಕೆಯೂ ನಮ್ಮ ಜೊತೆ ಕೂತು ಮೂರು ರೊಟ್ಟಿ ಉಂಡಳು. ಉಪ್ಪು ಮೊದಲೇ ಸರಿ ಇತ್ತೆಂದು ನನಗೆ ಗೊತ್ತು. ಆಯಿಗೂ ಗೊತ್ತಿತ್ತು.

ಹೋದ ವರ್ಷ ಅಮೆರಿಕದಿಂದ ಬಂದ ನಾದಿನಿಯ ಮಗಳು, ಅಲ್ಲಿ ‘ಸ್ಲೋ ಕುಕ್ಕರ್’ ಎಂಬ ವಿದ್ಯುತ್ ಪಾತ್ರೆಯಲ್ಲಿ ಬಟಾಟಿ, ಚೀಸ್ ಹಾಕಿ ನಾಲ್ಕಾರು ತಾಸು ಬಿಟ್ಟು, ಮಂದಿ ಕೂಡಿದಾಗ ಬಡಿಸುತ್ತಾರೆ ಎಂದು ಹೇಳಿದಳು. ‘ಕ್ರಾಕ್ ಪಾಟ್’ ಎಂಬ ಹೆಸರಿನಲ್ಲಿ ಅದು 1971ರಲ್ಲಿ ಅಲ್ಲಿನ ಅಂಗಡಿಗೆ ಬಂತಂತೆ. ಮೂಲ ಪಾತ್ರೆ ಕಂಡುಹಿಡಿದ ಇರ್ವಿಂಗ್ ನ್ಯಾಕ್ಸನ್ ಎಂಬಾತನಿಗೆ, ಹಳ್ಳಿಯ ರೊಟ್ಟಿ ಭಟ್ಟಿಯ ಆರುವ ಕಾವಿನಲ್ಲಿ ರಾತ್ರಿಯೆಲ್ಲ ಕಾಳಿನ ಗಡಿಗೆ ಬೇಯುತ್ತಿದ್ದ ಹಳೆಯ ಮನೆಮಾತೇ ದಾರಿ ತೋರಿತಂತೆ. ಕೇಳಿ ನನಗೆ ನಗು ಬಂತು. ಅಲ್ಲಿಯೂ ಒಬ್ಬ ಆಯಿ ಇದ್ದಳಲ್ಲ!

ಸೋದರಿಯರೇ, ನಿಮ್ಮ ಮನೆಯ ಕಾರ್ಯದಲ್ಲಿ ಈ ಪಲ್ಯ ಮಾಡಿ ನೋಡಿರಿ. ಕೆಂಡ ನಿಧಾನವಾಗಿರಲಿ, ಹುಳಿ ಕೊನೆಗಿರಲಿ. ಪಂಕ್ತಿಯ ಆಚೆ ಯಾರಾದರೂ ಕಂಬಕ್ಕೆ ಒರಗಿ ನಿಂತಿದ್ದರೆ, ಉಣ್ಣು ಬಾ ಎನ್ನುವ ಮೊದಲು ಉಪ್ಪು ನೋಡು ಬಾ ಎಂದು ಕರೆಯಿರಿ.