ದೊಡ್ಡದನ್ನೇ ಕಿತ್ತರೆ ಕುಳ್ಳೇ ಉಳಿಯುತ್ತದೆ

ಟಿಬೆಟ್ ಮತ್ತು ಚೀನಾದ ಯುನ್ನಾನ್ ಪ್ರಾಂತ್ಯದ ಪರ್ವತಗಳಲ್ಲಿ, ಸುಮಾರು 4000 ಮೀಟರ್‌ಗೂ ಎತ್ತರದ ಕಲ್ಲಿನ ಇಳಿಜಾರುಗಳಲ್ಲಿ ಹಿಮಕಮಲವೆಂಬ ಗಿಡ ಬೆಳೆಯುತ್ತದೆ. ಹೆಸರಿಗೆ ಕಮಲವಾದರೂ ಅದು ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ್ದು. ಚಳಿಗೆ ಕಂಬಳಿ ಹೊದ್ದಂತೆ ಅದರ ಮೈತುಂಬ ಬಿಳಿ ಉಣ್ಣೆಯಂಥ ರೋಮವಿರುತ್ತದೆ.

ಈ ಗಿಡ ಹಲವು ವರ್ಷ ಬೆಳೆದು, ಬಾಳಿನಲ್ಲಿ ಒಂದೇ ಸಲ ಹೂಬಿಟ್ಟು, ಬೀಜ ಕೊಟ್ಟು ಸಾಯುತ್ತದೆ. ಟಿಬೆಟ್ ಮತ್ತು ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಮದ್ದಿಗೆ ಬೇಕಾದದ್ದು ಹೂಬಿಟ್ಟ ಗಿಡವೇ. ಕೀಳುವವರು ದೊಡ್ಡದನ್ನೇ ಆರಿಸುತ್ತಾರೆ. ಹಾಗೆ ಕಿತ್ತ ಗಿಡದ ಬೀಜ ನೆಲ ಸೇರುವುದೇ ಇಲ್ಲ. ಬೀಜ ಬಿಡುವ ಅವಕಾಶ ಸಿಗುವುದು ಯಾರಿಗೂ ಬೇಡವಾದ ಕುಳ್ಳು ಗಿಡಗಳಿಗೆ.

ಇದರ ಪರಿಣಾಮವೇನು? ವೇಯ್ನ್ ಲಾ ಮತ್ತು ಜ್ಯಾನ್ ಸಾಲಿಕ್ ಎಂಬ ಸಂಶೋಧಕರು ಸಂಗ್ರಹಾಲಯಗಳಲ್ಲಿ ಒಣಗಿಸಿಟ್ಟ ಹಳೆಯ ಗಿಡಗಳನ್ನು ಅಳೆದು, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ನೂರು ವರ್ಷಗಳಲ್ಲಿ ಗಿಡದ ಎತ್ತರ ಕುಗ್ಗುತ್ತಾ ಬಂದಿತ್ತು. ಅದೇ ಜಾತಿಗೆ ಹತ್ತಿರದ, ಆದರೆ ಜನ ಅಷ್ಟಾಗಿ ಕೀಳದ ಇನ್ನೊಂದು ಗಿಡ ಮಾತ್ರ ಕುಗ್ಗಿರಲಿಲ್ಲ. ಸ್ಥಳೀಯರು ಪವಿತ್ರವೆಂದು ಕೈಹಚ್ಚದೆ ಬಿಟ್ಟ ಜಾಗಗಳಲ್ಲಿ ಹಿಮಕಮಲ ಇನ್ನೂ ಎತ್ತರವಾಗಿಯೇ ಇತ್ತು.

ಅಂದರೆ ಗಿಡವನ್ನು ಕುಗ್ಗಿಸಿದ್ದು ಹಿಮವಲ್ಲ, ಮನುಷ್ಯನ ಕೈ. ಮದ್ದಿಗಾಗಿ ಕೀಳುವುದು ತಪ್ಪಲ್ಲ. ಒಳ್ಳೆಯದೆಲ್ಲವನ್ನೂ ನಾವೇ ತೆಗೆದುಕೊಂಡು, ಬೀಜಕ್ಕೆ ಉಳಿಕೆಯನ್ನು ಬಿಡುವುದು ತಪ್ಪು. ನಮ್ಮ ರೈತರು ಹಾಗೆ ಮಾಡುವುದಿಲ್ಲ. ಸುಗ್ಗಿಯಲ್ಲಿ ದಪ್ಪ ತೆನೆಯನ್ನು ಮೊದಲು ಬೀಜಕ್ಕೆಂದು ತೆಗೆದಿಟ್ಟು, ಆಮೇಲೆ ಉಣ್ಣುತ್ತಾರೆ.